ಗಣಪತಿ ಸರಿದು ಕೊಟ್ಟ ದಾರಿ

ಹಡಪಸರದ ಅಕ್ಕನ ಮನೆಯಲ್ಲಿ ಕೆಲವು ದಿನ ಇದ್ದು ಧಾರವಾಡಕ್ಕೆ ಹೊರಟೆ. ಬಸ್ಸು ಊರಿನ ಇನ್ನೊಂದು ತುದಿಯ ಕಾತ್ರಜದಿಂದ. ರಿಕ್ಷಾದಲ್ಲಿ ಹೋಗುತ್ತೇನೆಂದರೆ ಮಾಮಾ, ಅಂದರೆ ಅಕ್ಕನ ಗಂಡ, ಕೇಳಲಿಲ್ಲ. ಯಾರೋ ಬಳಸಿದ ಆಟೋಮ್ಯಾಟಿಕ್ ಕಾರೊಂದನ್ನು ಆಗಷ್ಟೇ ಕೊಂಡಿದ್ದರು. ಅದರಲ್ಲಿ ನನ್ನನ್ನು ಕೂರಿಸದೆ ಕಳಿಸಿದ್ದರೆ ಅವರಿಗೆ ಅಂದು ಊಟ ಸೇರುತ್ತಿರಲಿಲ್ಲ.

ಜಿಟಿಜಿಟಿ ಮಳೆ. ಅವಲಕ್ಕಿ ತಿಂದು, ಚಹಾ ಕುಡಿದು ಹತ್ತಿದೆವು. ಕಾರು ಗೇಟು ದಾಟಿ ಓಣಿಗೆ ಅಡ್ಡ ಬಂದಾಗ ಅಕ್ಕ ನಿಲ್ಲಿಸಿದಳು. ಚಕ್ರಕ್ಕೆ ಲಿಂಬೆಹಣ್ಣು ಇಡದೆ ಅವಳು ದೂರ ಹೊರಡುವವಳಲ್ಲ. ಕಾತ್ರಜವೂ ಅವಳ ಪಾಲಿಗೆ ದೂರವೇ. ಮಾಮಾ ಗೇರನ್ನು ಪಾರ್ಕಿಂಗಿಗೆ ಹಾಕಿ ಎಂಜಿನ್ ಆರಿಸಿದರು. ಲಿಂಬೆಹಣ್ಣು ಇಟ್ಟಾಯಿತು, ಕಾರು ಮತ್ತೆ ಚಾಲೂ ಆಗಲಿಲ್ಲ. ಬ್ಯಾಟರಿ ಕೈಕೊಟ್ಟಿತ್ತು. ಗೇರು ಬಿಗಿದು ಕೂತಿತ್ತು. ಅದು ಬಿಡದೆ ಚಕ್ರ ಉರುಳುವಂತಿರಲಿಲ್ಲ.

ಅಷ್ಟರಲ್ಲಿ ಓಣಿಯ ಒಳಗಿನಿಂದ ಒಂದು ರಿಕ್ಷಾ ಬಂತು. ನೆರೆಮನೆಯ ಶೋಭಾತಾಯಿ ಹೆರಿಗೆ ನೋವು ತಿನ್ನುತ್ತಿದ್ದ ಸೊಸೆಯನ್ನು ಆಸ್ಪತ್ರೆಗೆ ಒಯ್ಯುತ್ತಿದ್ದರು. ಓಣಿಯಿಂದ ಹೊರಬೀಳಲು ಬೇರೆ ದಾರಿಯಿಲ್ಲ. "ಭಾವೂ, ಗಾಡಿ ಕಾಢಾ ನಾ," ಅಣ್ಣಾ, ಗಾಡಿ ತೆಗೀರಲ್ಲ ಎಂದು ಮರಾಠಿಯಲ್ಲಿ ಮೆತ್ತಗೆ ಬೇಡಿಕೊಂಡರು. ಆ ಮೆತ್ತನೆಯ ದನಿಗೇ ನನಗೆ ಹೆದರಿಕೆಯಾಯಿತು.

ನಾಲ್ಕೈದು ಮಂದಿ ನೂಕಿದರು. ಕಾರು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಮಾಮಾ ಸೀಟಿನಲ್ಲೇ ಕೂತು ಬೆವರುತ್ತಿದ್ದರು.

"ಏನರೆ ಉಪಾಯ ಇಲ್ಲೇನ್ರೀ?" ಅಕ್ಕ ಕೇಳಿದಳು.

"ಅದ. ಗೇರಿನ ಮಗ್ಗಲಕ್ಕ ಸಣ್ಣ ಮುಚ್ಚಳ ಇರ್ತದ. ತಗದು ಒಳಗ ಒತ್ತಿದ್ರ ನ್ಯೂಟ್ರಲ್‌ಗೆ ಬರ್ತದ."

"ಮತ್ತ ಒತ್ರಲಾ."

"ಅದರ ಮ್ಯಾಲೆ ಗಣಪ್ಪ ಕೂತಾನ."

ಪೂಜೆಯ ದಿನ ಆ ಪುಟ್ಟ ಗಣಪತಿಯನ್ನು ಅಂಟಿಸಿದವಳು ಅಕ್ಕನೇ. ಕೂರಿಸಿದ ದೇವರನ್ನು ಅಲ್ಲಾಡಿಸಕೂಡದೆಂದು ಮಾಮಾನಿಂದ ಆಣೆ ಬೇರೆ ಮಾಡಿಸಿಕೊಂಡಿದ್ದಳು. ಆ ಆಣೆಗೆ ಹೆದರಿದಷ್ಟು ಅವರು ಪೊಲೀಸರಿಗೂ ಹೆದರುವವರಲ್ಲ.

ರಿಕ್ಷಾದೊಳಗೆ ಹುಡುಗಿ ನರಳಿದಳು. ಅಕ್ಕ ಒಮ್ಮೆ ಆ ಕಡೆ ನೋಡಿ, ಕಾರಿನೊಳಗೆ ಬಗ್ಗಿ, "ಸ್ವಲ್ಪ ಸರೀಪಾ, ಗಣಪ್ಪಾ," ಎಂದು ಎರಡೂ ಕೈಯಿಂದ ಮೂರ್ತಿಯನ್ನು ಕಿತ್ತಳು. ತನ್ನ ಜಡೆಯ ಪಿನ್ನು ತೆಗೆದು ಕೊಟ್ಟಳು. ಮಾಮಾ ಹ್ಯಾಂಡ್‌ಬ್ರೇಕ್ ಎಳೆದು, ಕಾಲಲ್ಲಿ ಬ್ರೇಕು ತುಳಿದು, ಮುಚ್ಚಳ ಎಬ್ಬಿಸಿ, ಪಿನ್ನನ್ನು ತೂತಿನೊಳಗೆ ಒತ್ತಿಕೊಂಡೇ ಗೇರು ಎಳೆದರು. ಟಕ್ ಎಂದು ನ್ಯೂಟ್ರಲ್‌ಗೆ ಬಂತು. ಹ್ಯಾಂಡ್‌ಬ್ರೇಕ್ ಬಿಟ್ಟರು, ಎಲ್ಲರೂ ಸೇರಿ ಕಾರನ್ನು ಹಿಂದಕ್ಕೆ, ಗೇಟಿನೊಳಗೆ ನೂಕಿದೆವು. ನಮ್ಮ ಲಿಂಬೆಹಣ್ಣನ್ನು ಹಿಚುಕಿಕೊಂಡು ರಿಕ್ಷಾ ಹೋಯಿತು.

ನಾನೂ ಅಕ್ಕನೂ ಇನ್ನೊಂದು ರಿಕ್ಷಾ ಹಿಡಿದೆವು. ಗಣಪತಿಯನ್ನು ಎಲ್ಲೂ ಇಡಲು ಮನಸ್ಸಾಗದೆ ಅವಳು ಕೈಯಲ್ಲೇ ಹಿಡಿದುಕೊಂಡಿದ್ದಳು. ಬಿಚ್ಚಿದ ಕೂದಲು ಮುಖಕ್ಕೆ ಹಾರುತ್ತಿತ್ತು. "ಕಿತ್ತದ್ದು ತಪ್ಪಾತೇನವಾ?" ಎಂದು ದಾರಿಯುದ್ದಕ್ಕೂ ಕೇಳಿದಳು. ಇಲ್ಲವೆಂದೆ. ಅವಳ ಅಳುಕು ಹೋಗಲಿಲ್ಲ, ಅವಳ ಮುಖ ನೋಡಿ ಅಯ್ಯೋ ಪಾಪವೆನಿಸಿತು.

ನನ್ನ ಬಸ್ಸು ತಪ್ಪಿತ್ತು. ಕಾತ್ರಜದಲ್ಲಿ ವಡಾಪಾವ್ ತಿಂದು ಮಧ್ಯಾಹ್ನದ ಬಸ್ಸಿಗೆ ಕಾದೆವು. ನಾನು ಹತ್ತಿ ಕಿಟಕಿ ಸರಿಸುವಾಗ, ಕೆಳಗೆ ನಿಂತಿದ್ದ ಅಕ್ಕನಿಗೆ ಮಾಮಾನ ಫೋನು ಬಂತು. ಅವಳ ಕಣ್ಣು ತುಂಬಿಕೊಂಡಿತು.

"ಹೆಣ್ಣು ಕೂಸಂತ. ಇಬ್ಬರೂ ಆರಾಮ ಅದಾರ."

ಬಸ್ಸು ಹೊರಟಿತು. ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ದೇವರು. ಅಕ್ಕ ಗಣಪತಿಯನ್ನೇ ಮೇಲೆತ್ತಿ, ಕೈ ಬೀಸುವ ಹಾಗೆ ನನ್ನತ್ತ ಆಡಿಸಿದಳು.