ಅಮ್ಮ ಕಲಿತ ‘ವಿ’ ಅಕ್ಷರ

“ಡಿಗ್ರಿ ಗಿಗ್ರಿ ಎಲ್ಲ ನಮ್ಮನೇಲಿ ಆಗೋ ಮಾತಲ್ಲ ಬಿಡು” ಎಂದವರು ನನ್ನ ದೊಡ್ಡಪ್ಪ. ಅಪ್ಪ ಹೋದ ಮೇಲೆ ಮನೆಗೆ ಅವರೇ ಯಜಮಾನರು. ಕೆಟ್ಟವರಲ್ಲ. ಚಂದಾಪುರದ ಪಕ್ಕದ ನಮ್ಮ ಹೊಲಗಳೆಲ್ಲ ಲೇಔಟ್ ಆದಾಗ ಗೂಡ್ಸ್ ಟೆಂಪೊ ಓಡಿಸಿ ನಮ್ಮನ್ನೂ ಸಾಕಿದವರು. ಆದರೆ ದೊಡ್ಡಮ್ಮ ಹಾಸಿಗೆ ಹಿಡಿದಾಗ ಸ್ವಂತ ಮಗಳನ್ನೇ ಪಿಯುಸಿ ಬಿಡಿಸಿ ಒಲೆ ಮುಂದೆ ಕೂರಿಸಿದ್ದರು. ಅದನ್ನು ಅಮ್ಮ ಮರೆತಿರಲಿಲ್ಲ.

ಮನೆಗೆಲ್ಲ ಇದ್ದದ್ದು ಒಂದೇ ಸ್ಮಾರ್ಟ್‌ಫೋನು. ಒಮ್ಮೆ ಅಮ್ಮನ ಮೊಣಕಾಲಿಗೆ ಏನಾದರೂ ಮದ್ದಿದೆಯಾ ಎಂದು ಅದರಲ್ಲಿ ಹುಡುಕಿದ್ದೆ. ಮಾರನೆಯ ದಿನ ಅದರಲ್ಲೇ ಭಜನೆ ನೋಡುತ್ತಾ ಕೂತಿದ್ದ ದೊಡ್ಡಪ್ಪ ಕೇಳಿದರು: “ಯಾರಿಗಮ್ಮ ಮೊಣಕಾಲು ನೋವು? ಬೆಳಗಿಂದ ಭಜನೆ ಮಧ್ಯೆ ಮಧ್ಯೆ ಬಂದು ಒಬ್ಬ ಎಣ್ಣೆ ಮಾರೋನು ನನ್ ಹಿಂದೆ ಬಿದ್ದವ್ನೆ.” ಎಲ್ಲರೂ ನಕ್ಕೆವು. ಅಮ್ಮನೂ ನಕ್ಕಳು.

ಅಮ್ಮನ ಹಟದಿಂದ ಸೇರಿದ್ದ ಬಿಸಿಎಯ ಕೊನೆಯ ವರ್ಷದಲ್ಲಿ ನಾನಿದ್ದಾಗ ಅವಳ ಎದೆಯಲ್ಲಿ ಗಂಟು ಕಾಣಿಸಿತು. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಹೌಸ್‌ಕೀಪಿಂಗ್ ಮಾಡುತ್ತಿದ್ದ ಅವಳು ವಾರದ ರಜೆಯಲ್ಲಿ ಒಬ್ಬಳೇ ಆಸ್ಪತ್ರೆಗೆ ಹೋಗಿ ಬಂದು, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನನ್ನೊಬ್ಬಳಿಗೇ ಹೇಳಿದಳು. ಆಪರೇಷನ್ ಆಗಬೇಕಂತೆ.

“ದೊಡ್ಡಪ್ಪಂಗೆ ಹೇಳೋಣಮ್ಮ.”

“ಹೇಳು. ನಾಳೆಯಿಂದ ನೀನು ಒಲೆ ಮುಂದೆ. ನಿನ್ ಪರೀಕ್ಷೆ ಮುಗೀಲಿ, ಆಮೇಲೆ ನಾನೇ ಹೇಳ್ತೀನಿ.”

ಎಷ್ಟು ಜಗಳವಾಡಿದರೂ ಜಗ್ಗಲಿಲ್ಲ. ಆದರೆ ತನಗೆ ಆಗಿರುವುದೇನು ಎಂದು ತಿಳಿಯುವ ಆಸೆ ಅವಳಿಗಿತ್ತು. ಫೋನಿನಲ್ಲಿ ಹುಡುಕುವಂತಿರಲಿಲ್ಲ, ಎಣ್ಣೆಯವನ ಬದಲು ಕ್ಯಾನ್ಸರ್ ಆಸ್ಪತ್ರೆಯವರು ದೊಡ್ಡಪ್ಪನ ಹಿಂದೆ ಬೀಳುತ್ತಿದ್ದರು. ಉಳಿದದ್ದು ಕಾಲೇಜಿನ ಅಕ್ಕನೊಬ್ಬಳು ಕೊಟ್ಟಿದ್ದ ಹಳೆಯ ಲ್ಯಾಪ್‌ಟಾಪು. ಮಾಮೂಲಿ ಬ್ರೌಸರ್ ತೆರೆದರೆ ಅದು ಉಸಿರು ಕಟ್ಟಿ ನಿಲ್ಲುತ್ತಿತ್ತು. ಅದಕ್ಕೇ ಬರೀ ಅಕ್ಷರ ತೋರಿಸುವ ಬ್ರೌಸರ್ ಹಾಕಿಕೊಂಡಿದ್ದೆ. ಚಿತ್ರವಿಲ್ಲ, ಜಾಹೀರಾತಿಲ್ಲ, ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು. ನಮ್ಮನ್ನು ಮತ್ತೆ ಗುರುತು ಹಿಡಿಯಲು ಸೈಟುಗಳು ನಮ್ಮ ಯಂತ್ರದಲ್ಲೇ ಬಿಟ್ಟುಹೋಗುವ ಚೀಟಿಗೆ ಕುಕಿ ಎನ್ನುತ್ತಾರಲ್ಲ, ಆ ಬ್ರೌಸರ್ ಒಂದೊಂದಕ್ಕೂ ನಮ್ಮನ್ನೇ ಕೇಳುತ್ತಿತ್ತು, ಒಳಗೆ ಬಿಡಲೇ ಬೇಡವೇ ಎಂದು. ‘ಎನ್’ ಒತ್ತಿದರೆ ಈ ಸಲಕ್ಕೆ ಬೇಡ. ‘ವಿ’ ಒತ್ತಿದರೆ ಆ ಸೈಟಿನಿಂದ ಯಾವತ್ತೂ ಬೇಡ.

ಅಮ್ಮನಿಗೆ ಇಂಗ್ಲಿಷ್ ಬಾರದು. ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ, ಕೆಲವು ಸಾಲುಗಳನ್ನು ನುಂಗಿಕೊಳ್ಳುತ್ತಿದ್ದೆ. ಕುಕಿಯ ಪ್ರಶ್ನೆ ಬಂದರೆ ಮಾತ್ರ ಅವಳ ಬೆರಳು ಮುಂದೆ ಬರುತ್ತಿತ್ತು. ‘ವಿ’ಯನ್ನು ಅವಳು ಕೀಬೋರ್ಡ್ ಮೇಲೆ ಹುಡುಕದೆಯೇ ಮುಟ್ಟುತ್ತಿದ್ದಳು. “ಹೋಗಯ್ಯ, ನಮ್ಮನೇಲಿ ಯಾರಿಗೂ ಏನೂ ಆಗಿಲ್ಲ” ಎನ್ನುತ್ತಿದ್ದಳು.

ಕೊನೆಯ ಸೆಮಿಸ್ಟರಿನ ಪರೀಕ್ಷೆಗೆ ಅರ್ಜಿ ಹಾಕುವ ಕಡೇ ದಿನ. ಕಾಲೇಜಿನ ಹಳೇ ಸೈಟು ಈ ಬ್ರೌಸರಿನಲ್ಲೂ ನಡೆಯುತ್ತಿತ್ತು. ಅದು ತೆರೆದುಕೊಳ್ಳುವಷ್ಟರಲ್ಲಿ ಬೀದಿಗೆ ನೀರು ಬಿಟ್ಟರು, ಬಿಂದಿಗೆ ಹಿಡಿದು ಓಡಿದೆ. ಬಂದು ನೋಡಿದರೆ ಪಾಸ್‌ವರ್ಡ್ ಎಷ್ಟು ಸಲ ಕೊಟ್ಟರೂ ಮತ್ತೆ ಮೊದಲ ಪುಟಕ್ಕೇ ತಂದು ನಿಲ್ಲಿಸುತ್ತಿದೆ.

“ನೀನು ಏನಾದ್ರೂ ಮುಟ್ದಾ ಅಮ್ಮ?”

“ಇವನೂ ಕೇಳ್ದ ಕಣೆ. ಯಾವತ್ತೂ ಬ್ಯಾಡ ಅಂದೆ.”

“ಇದು ನಮ್ ಕಾಲೇಜಮ್ಮ. ಒಳಗೆ ಬಂದಿರೋಳು ನಾನೇ ಅಂತ ಇವರಿಗೆ ನೆನಪಿರ್ಬೇಕು.”

ಅವಳ ಮುಖ ಬಿಳುಚಿಕೊಂಡಿತು. ಗಂಟಿನ ವಿಷಯ ಹೇಳಿದಾಗಲೂ ಹಾಗಾಗಿರಲಿಲ್ಲ. ನಾನು ಕುಕಿಗಳ ಪಟ್ಟಿ ತೆರೆದು, ಕಾಲೇಜಿನ ಹೆಸರಿನ ಮುಂದಿದ್ದ ‘ಯಾವತ್ತೂ ಬೇಡ’ವನ್ನು ತೆಗೆದು ‘ಕೇಳು’ ಎಂದು ಬದಲಿಸಿದೆ. ಪ್ರಶ್ನೆ ಮತ್ತೆ ಬಂತು. ಒಪ್ಪಿದೆ. ಅರ್ಜಿ ಹೋಯಿತು.

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: “ನಿನ್ನ ನೆನಪಿಟ್ಕೊಳ್ಳೋರಿಗೆ ಹೂಂ ಅನ್ನು. ನನ್ನ ಯಾರೂ ನೆನಪಿಟ್ಕೊಳ್ಳೋದು ಬ್ಯಾಡ.”

ಕೊನೆಯ ಪರೀಕ್ಷೆ ಬರೆದು ಬಂದ ಸಂಜೆ ಅವಳೇ ದೊಡ್ಡಪ್ಪನಿಗೆ ಹೇಳಿದಳು. ಅವರು ಬಂದ ಬಾಡಿಗೆಗಳನ್ನೆಲ್ಲ ಕೈಬಿಟ್ಟು ಟೆಂಪೊದಲ್ಲೇ ಅವಳನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಕರೆದೊಯ್ದರು. ಕ್ಯಾನ್ಸರ್ ಆಗಲೇ ಹರಡಿತ್ತು. ರಿಸಲ್ಟ್ ಬರುವವರೆಗೂ ಅವಳು ಉಳಿಯಲಿಲ್ಲ.

ನಮ್ಮ ವಂಶದಲ್ಲಿ ಪದವಿ ಪಡೆದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಅದರ ಬೆಲೆ ಗೊತ್ತಿದೆ. ಸರ್ಟಿಫಿಕೇಟು ತರಲು ಹೋದ ದಿನ ದೊಡ್ಡಪ್ಪ ಕಾಲೇಜಿನ ಗೇಟಿನ ಹೊರಗೆ ಟೆಂಪೊ ನಿಲ್ಲಿಸಿಕೊಂಡು ಕಾದಿದ್ದರು. ಆಫೀಸಿನ ಕಿಟಕಿಯಿಂದ ಪಡೆದುಕೊಂಡು ಬಂದದ್ದನ್ನು ನೇರವಾಗಿ ಅವರ ಕೈಗೆ ಕೊಟ್ಟೆ. ಕೈಯನ್ನು ಅಂಗಿಗೆ ಒರೆಸಿಕೊಂಡು ಹಿಡಿದರು. ಓದಲು ಬಾರದ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು.

“ನಂಗೆ ಮೊದ್ಲೇ ಹೇಳಿದ್ರೆ ನಿನ್ ಓದು ಬಿಡಿಸ್ತಿದ್ದೆ ಕಣವ್ವ” ಎಂದರು. “ಅದು ಅವ್ಳಿಗೆ ಗೊತ್ತಿತ್ತು.”