ಬೋರಲು ಹಾಕಿದ ಬಟ್ಟಲು

ನಮ್ಮ ಮನೆಯ ತುಪ್ಪದ ಬಟ್ಟಲನ್ನು ನಾನು ಇಂದಿಗೂ ಬೋರಲು ಹಾಕುವುದಿಲ್ಲ. ತೊಳೆದ ಪಾತ್ರೆಗಳೆಲ್ಲ ಕಟ್ಟೆಯ ಮೇಲೆ ಮಗುಚಿ ಮಲಗಿ ನೀರು ಸೋರಿಸಿಕೊಳ್ಳುವಾಗ ಈ ಪುಟ್ಟ ಕಂಚಿನ ಬಟ್ಟಲು ಮಾತ್ರ ಬಾಯಿ ಮೇಲೆ ಮಾಡಿ ಕೂತಿರುತ್ತದೆ. ಕೆಮಿಸ್ಟ್ರಿ ಕಲಿಸಿ ನಿವೃತ್ತಳಾದವಳಿಗೆ ಇದೆಂಥ ಹುಚ್ಚು ಎಂದು ನಗುವಿರಾದರೆ ನಕ್ಕುಬಿಡಿ. ಹಗಲಿನಲ್ಲಿ ನಾನೂ ನಗುತ್ತೇನೆ.

ಎಪ್ಪತ್ತರ ದಶಕದ ಮಾತು. ಪರೇಲಿನಲ್ಲಿ ಗಿರಣಿಯವರ ಸಾಲುಮನೆಗಳ ಚಾಳಿನ ಒಂದೇ ಖೋಲಿಯಲ್ಲಿ ನಾವು ಮೂವರು: ಗಿರಣಿಯಲ್ಲಿ ಗುಮಾಸ್ತನಾಗಿದ್ದ ಅಪ್ಪ, ತಾಯಿಯಿಲ್ಲದ ನನ್ನನ್ನು ಸಾಕಲು ಧಾರವಾಡದಿಂದ ಬಂದ ಅವನ ವಿಧವೆ ತಂಗಿ, ನಾನು. ಬಿ.ಎಸ್ಸಿ. ಪರೀಕ್ಷೆ ಮುಗಿದಿತ್ತು. "ಫಸ್ಟ್ ಕ್ಲಾಸ್ ಬಂದ್ರ ಎಂ.ಎಸ್ಸಿ. ಇಲ್ಲಂದ್ರ ಫೋರ್ಟಿನ ಆಫೀಸಿನ್ಯಾಗ ಟೈಪಿಸ್ಟ್ ಕೆಲಸಾ ನೋಡೇನಿ" ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದ. ಒಂದು ಪೇಪರಿನಲ್ಲಿ ದೊಡ್ಡ ಲೆಕ್ಕವೇ ತಪ್ಪಿದೆಯೆಂದು ನನಗೆ ಗೊತ್ತಿತ್ತು. ಅನ್ನ ಕಲಸಿದರೂ ಅದೇ ಲೆಕ್ಕ, ಲೋಕಲ್ ಟ್ರೇನಿನ ಸದ್ದಿನಲ್ಲೂ ಅದೇ ಲೆಕ್ಕ.

ಆಗ ಚಾಳಿನ ಹುಡುಗಿಯರಿಗೆಲ್ಲ ಪ್ಲಾಂಚೆಟ್ಟಿನ ಗೀಳು. ಕೇರಂ ಬೋರ್ಡಿನ ಒಂದು ಬದಿಗೆ 'ಹೌದು', ಇನ್ನೊಂದು ಬದಿಗೆ 'ಇಲ್ಲ' ಎಂದು ಬರೆದು, ನಡುವೆ ಬಟ್ಟಲು ಬೋರಲು ಹಾಕಿ, ಬೆರಳಿಟ್ಟು ಕರೆದರೆ ಸತ್ತವರು ಬಂದು ಅದನ್ನು ಸರಿಸುತ್ತಾರಂತೆ! ಒಂದು ಮಧ್ಯಾಹ್ನ, ಗಂಡಸರೆಲ್ಲ ಪಾಳಿಗೆ ಹೋಗಿ ಚಾಳು ಬಣಗುಡುವಾಗ, ನಾನೂ ಅತ್ತೆಯೂ ಈ ತುಪ್ಪದ ಬಟ್ಟಲನ್ನೇ ಇಟ್ಟುಕೊಂಡು ಕೂತೆವು. ಕರೆದದ್ದು ಶಾಲಾ ಮಾಸ್ತರರಾಗಿದ್ದ ಅವಳ ಗಂಡನನ್ನು.

"ನೀವೇ ಬಂದೀರೇನ್ರಿ?" ಎಂದಳು ಅತ್ತೆ.

ಬೋರ್ಡು ನುಣುಪಾಗಲೆಂದು ಉದುರಿಸಿದ್ದ ಬೋರಿಕ್ ಪುಡಿಯ ಮೇಲೆ ಬಟ್ಟಲು ಸುಯ್ಯೆಂದು 'ಹೌದು' ಕಡೆಗೆ ಜಾರಿತು. ಅತ್ತೆ ಹೊಸ ಮದುವಣಗಿತ್ತಿಯಂತೆ ನಾಚಿ, ಕಣ್ಣೊರೆಸಿಕೊಂಡು, "ಕೂಸಿಗೆ ಫಸ್ಟ್ ಕ್ಲಾಸ್ ಬರತದೇನ್ರಿ?" ಎಂದಳು. ಬಟ್ಟಲು ತುಸು ತಡೆದು, ತಿರುಗಿ, 'ಇಲ್ಲ'ದ ಮೇಲೆ ಹೋಗಿ ನಿಂತಿತು.

"ನೀ ದೂಡಿದೇನ, ಅತ್ಯಾ?"

"ನಿನ್ನಾಣಿಗೂ ಇಲ್ಲ. ಅವ್ರು ಸುಳ್ಳ ಹೇಳವರಲ್ಲವ್ವಾ."

ನಾನು ಕುಸಿದೆ. ಅತ್ತೆ ಮಾತ್ರ ಅರಳಿದಳು. ದಿನವೂ ಮಧ್ಯಾಹ್ನ ಒಬ್ಬಳೇ ಬೋರ್ಡಿನ ಮುಂದೆ ಕೂತು ಪಿಸುಗುಡುವಳು, ನಗುವಳು. ಅವಳ ಬೆರಳಡಿಯಲ್ಲಿ ಬಟ್ಟಲು ಸಾಕಿದ ಬೆಕ್ಕಿನಂತೆ ಓಡಾಡುವುದು. ಅಂಜಿಕೆಗೂ ಆಸೆಗೂ ಅವುಗಳದೇ ಬೆರಳುಗಳಿರುತ್ತವೆ, ನಮಗೆ ತಿಳಿಯದೆಯೇ ಅವು ದೂಡುತ್ತವೆ ಎಂದು ಇಂದು ನಾನು ತರ್ಕಿಸಬಲ್ಲೆ. ಅಂದು ಆ ಪಿಸುಮಾತು ಕೇಳಲಾರದೆ ಹೊರಗೆ ಗ್ಯಾಲರಿಯಲ್ಲಿ ನಿಲ್ಲುತ್ತಿದ್ದೆ.

ರಿಸಲ್ಟು ಬಂತು. ಫಸ್ಟ್ ಕ್ಲಾಸ್! ಪೇಢೆಯ ಪೊಟ್ಟಣ ಹಿಡಿದು ಮೆಟ್ಟಿಲು ಹಾರಿಕೊಂಡು ಬಂದೆ. ಅತ್ತೆ ನನ್ನನ್ನು ಬಿಗಿಯಾಗಿ ತಬ್ಬಿದಳು. ಆಮೇಲೆ ಆ ತೋಳುಗಳು ಮೆಲ್ಲಗೆ ಸಡಿಲವಾದವು. ಗೂಡಿನಲ್ಲಿದ್ದ ಬಟ್ಟಲನ್ನೇ ನೋಡುತ್ತ ಕೇಳಿದಳು: "ಹಂಗಾದ್ರ, ಇಷ್ಟ ದಿನಾ ನನ್ನ ಕೂಡ ಮಾತಾಡಿದವರು ಯಾರವಾ?"

ಎಂ.ಎಸ್ಸಿ. ಮಾಡಿದೆ, ಆಯುಷ್ಯವಿಡೀ ಪಾಠ ಹೇಳಿದೆ. ಆ ಪ್ರಶ್ನೆಗೆ ಉತ್ತರ ಸಿಕ್ಕಲಿಲ್ಲ. ನನಗೆ ಫಸ್ಟ್ ಕ್ಲಾಸ್ ಬಂದ ದಿನವೇ ಅತ್ತೆ ಎರಡನೆಯ ಸಲ ಗಂಡನನ್ನು ಕಳೆದುಕೊಂಡಳು. ಆ ಸಂಕಟ ನನ್ನನ್ನು ಇನ್ನೂ ಬಿಟ್ಟಿಲ್ಲ.

ಈಗ ಅವಳೂ ಇಲ್ಲ. ಮೊನ್ನೆ ಕೆಲಸದಾಕೆ ಬಿಸಿನೀರಲ್ಲಿ ತೊಳೆದು, ಮರೆತು, ಬಟ್ಟಲನ್ನು ಬೋರಲು ಹಾಕಿ ಹೋಗಿದ್ದಳು. ನೋಡುತ್ತಿದ್ದಂತೆಯೇ ಅದು ಒದ್ದೆ ಕಲ್ಲಿನ ಮೇಲೆ ತಾನಾಗಿ ನನ್ನತ್ತ ಸರಿಯಿತು. ಒಳಗಿನ ಗಾಳಿ ಬಿಸಿಗೆ ಹಿಗ್ಗಿದರೆ ಹಾಗಾಗುತ್ತದೆ. ಮಕ್ಕಳಿಗೆ ನಾನೇ ಹೇಳಿಕೊಟ್ಟಿದ್ದೇನೆ. ಆದರೂ ಬೆರಳು ತಾನೇ ಅದರ ಮೇಲೆ ಹೋಯಿತು, 'ಅತ್ಯಾ' ಎಂಬ ಮಾತು ತುಟಿಯವರೆಗೆ ಬಂತು.

ಕರೆಯಲಿಲ್ಲ. ಬಟ್ಟಲು ಹೌದೆಂದರೆ, ಹಾಗೆನ್ನುವವರು ಯಾರೆಂದು ನಾನು ಯಾರನ್ನು ಕೇಳಲಿ? ಅದನ್ನು ಎತ್ತಿ, ಬಾಯಿ ಮೇಲೆ ಮಾಡಿ ಇಟ್ಟೆ.