ತೊಳೆದಿಟ್ಟ ತಟ್ಟೆಗಳು

ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ಸಾಲುಗಟ್ಟಿ ಇಳಿಯುತ್ತಿದ್ದ ವರ್ಷಗಳವು. ನಾನಾಗ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿ. ಹೊಸಪೇಟೆಯಿಂದ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಧೂಳಿನ ದೆಸೆಯಿಂದ ಬಿಳಿ ಅಂಗಿ ತೊಡುವುದನ್ನು ಬಿಟ್ಟಿದ್ದೆ. ವಿಜ್ಞಾನ ಓದಿದವನೆಂಬ ಜಂಬವನ್ನು ಮಾತ್ರ ಬಿಟ್ಟಿರಲಿಲ್ಲ.

ಸಂಡೂರಿನ ಹತ್ತಿರದ ಒಂದು ಊರಲ್ಲಿ ಲಾರಿಗಳು ಶಾಲೆಯ ಮುಂದಿನ ಓಣಿಯಲ್ಲೇ ಹೋಗುತ್ತಿದ್ದವು. ಮಕ್ಕಳು ಕೆಮ್ಮುತ್ತಲೇ ಪಾಠ ಕೇಳುತ್ತಿದ್ದರು. ಲಾರಿಗಳನ್ನು ಊರ ಹೊರಗಿನ ದಾರಿಗೆ ತಿರುಗಿಸಿರೆಂದು ಓಣಿಯ ಹೆಂಗಸರು ಗ್ರಾಮಸಭೆಯಲ್ಲಿ ಕೇಳಿದಾಗ, ‘ಧೂಳು ಎಲ್ಲಾ ಕಡೆ ಐತಿ. ನಿಮ್ಮ ಓಣ್ಯಾಗ ಹೆಚ್ಚು ಅನ್ನಾಕ ಪುರಾವೆ ಏನೈತಿ?’ ಎಂಬ ಉತ್ತರ ಬಂದಿತ್ತು. ಪುರಾವೆ ನಾವು ತರುತ್ತೇವೆಂದು ಅವರಿಗೆ ಮಾತು ಕೊಟ್ಟವರು ನನ್ನ ಮಾರ್ಗದರ್ಶಕರಾಗಿದ್ದ ಮೇಡಂ. ಮುಂದಿನ ಸಭೆಗೆ ಎರಡೇ ತಿಂಗಳಿತ್ತು.

ಓಣಿಯ ಮನೆಗಳ ಮಾಳಿಗೆಯ ಮೇಲೆ ಒಂದೊಂದು ಸ್ಟೀಲ್ ತಟ್ಟೆ ಇಟ್ಟೆವು. ತಿಂಗಳಲ್ಲಿ ಬಿದ್ದ ಧೂಳನ್ನು ತೂಗಿ ನೋಡುವುದು ನಮ್ಮ ಉದ್ದೇಶ. ತಟ್ಟೆಗಳ ಒಳತಳದಲ್ಲಿ ಕಪ್ಪು ಬಣ್ಣದಿಂದ ಮನೆಯ ಅಂಕಿ ಬರೆದವನು ನಾನೇ. ‘ಜೋಪಾನವಾಗಿ ನೋಡಿಕೊಳ್ಳಿ’ ಎಂದಷ್ಟೇ ಮನೆಯವರಿಗೆ ಹೇಳಿದೆ. ಹೆಚ್ಚು ಹೇಳಿದರೆ ಇವರಿಗೆಲ್ಲಿ ತಿಳಿಯುತ್ತದೆ ಎಂದುಕೊಂಡಿದ್ದೆ.

ತಿಂಗಳಾದ ಮೇಲೆ ಮೇಡಂ ಜೊತೆ ಹೋಗಿ ನೋಡಿದರೆ ಅಷ್ಟೂ ತಟ್ಟೆಗಳು ಫಳಫಳ ಹೊಳೆಯುತ್ತಿದ್ದವು! ಏಳನೇ ಮನೆಯ ಅಜ್ಜಿಯಂತೂ ಸೆರಗಿನಿಂದ ಇನ್ನೊಮ್ಮೆ ಒರೆಸಿ ನನ್ನ ಕೈಗಿಟ್ಟರು.

‘ಇದನ್ನ ತೊಳದೀರೇನು?’ ಎಂದೆ.

‘ಮತ್ತ? ದಿನಾ ಎರಡು ಸಲ ಏಣಿ ಹತ್ತಿ ತೊಳದೀನಿ. ಮಂದಿ ತಾಟು ಹೊಲಸು ಮಾಡಿ ಕೊಡಾಕ ಬರ್ತೈತೇನು? ನಿಮ್ಮವ್ವ ಹಂಗ ಕೊಡ್ತಾಳೇನು ತಮ್ಮಾ?’

ನನಗೆ ಮೈಯೆಲ್ಲ ಉರಿಯಿತು. ತಿಂಗಳ ಕೆಲಸವೆಲ್ಲ ನೀರುಪಾಲಾಯಿತೆಂದು ಓಣಿಗೆಲ್ಲ ಕೇಳುವಂತೆ ಕೂಗಾಡಿದೆ. ಅಜ್ಜಿಯ ಮುಖ ಸಣ್ಣದಾಯಿತು.

ಮೇಡಂ ಕಟ್ಟೆಯ ಮೇಲೆ ಅವರ ಪಕ್ಕದಲ್ಲಿ ಕುಳಿತರು. ‘ತಪ್ಪು ನಮ್ದು ಯವ್ವಾ. ಯಾಕ ಇಟ್ಟೀವಿ ಅಂತ ನಿಮಗ ಹೇಳಲೇ ಇಲ್ಲ’ ಎಂದರು. ಆಮೇಲೆ, ‘ತೊಳದ ನೀರು ಎಲ್ಲಿ ಚೆಲ್ಲಿದ್ರಿ?’ ಎಂದು ಕೇಳಿದರು.

ಅಜ್ಜಿ ಹಿತ್ತಲಿನ ಕರಿಬೇವಿನ ಗಿಡ ತೋರಿಸಿದರು. ಅದರ ಬುಡದಲ್ಲಿ ಕೆಂಪು ಕೆಸರು ಪದರಗಟ್ಟಿತ್ತು. ಮೇಡಂ ಕುಕ್ಕರುಗಾಲಲ್ಲಿ ಕೂತು ಅದನ್ನೇ ಬಹಳ ಹೊತ್ತು ನೋಡಿದರು. ಅವರ ಮೇಲೆ ನನಗೆ ನಿಜವಾದ ಅಭಿಮಾನ ಹುಟ್ಟಿದ್ದು ಯಾವ ತರಗತಿಯಲ್ಲೂ ಅಲ್ಲ, ಆ ಹಿತ್ತಲಿನಲ್ಲಿ.

ಮರುದಿನವೇ ವಿಧಾನ ಬದಲಾಯಿತು. ತೊಳೆಯಬೇಡಿ ಎಂದು ಮೇಡಂ ಹೇಳಲಿಲ್ಲ. ದಿನಕ್ಕೊಮ್ಮೆ, ಒಂದೇ ಲೋಟ ನೀರಿನಲ್ಲಿ ತೊಳೆದು, ಆ ನೀರನ್ನು ಬಾಟಲಿಗೆ ತುಂಬಿ ಎಂದರು. ಹೋಲಿಸಿ ನೋಡಲು ಲಾರಿ ಬಾರದ ಆಚೆ ಓಣಿಗೂ ತಟ್ಟೆ ಕೊಟ್ಟರು. ಹೆಂಗಸರು ಒಂದು ದಿನವೂ ತಪ್ಪಿಸಲಿಲ್ಲ. ನೀವು ಬರೆದ ಅಂಕಿ ಒಂದೇ ದಿನಕ್ಕೆ ಧೂಳಲ್ಲಿ ಮುಚ್ಚಿಹೋಗುತ್ತದೆ ಎಂದು ನನ್ನನ್ನು ಆಡಿಕೊಂಡು ನಗುತ್ತಿದ್ದರು. ಪ್ರಯೋಗಾಲಯದಲ್ಲಿ ನೀರನ್ನು ಆವಿಯಾಗಿಸಿ ಉಳಿದ ಧೂಳು ತೂಗುವ ದಿನ ಮೇಡಂ ಆ ಹೆಂಗಸರನ್ನೆಲ್ಲ ಕರೆಸಿ ತಕ್ಕಡಿಯ ಮುಂದೆಯೇ ನಿಲ್ಲಿಸಿದರು.

ಸಭೆಯಲ್ಲಿ ವರದಿ ಓದಲು ನಾನು ಎದ್ದೆ. ‘ನೀ ಕುಂದ್ರು’ ಎಂದ ಮೇಡಂ ಅಜ್ಜಿಯನ್ನು ಎಬ್ಬಿಸಿದರು. ಅಜ್ಜಿ ಎರಡು ಬಾಟಲಿಗಳನ್ನು ಮೇಜಿನ ಮೇಲಿಟ್ಟರು.

‘ಈ ಕೆಂಪಂದು ನಮ್ಮ ಓಣಿದು, ನಾನ ತೊಳದೀನಿ. ಇದು ಆಚಿ ಓಣಿದು, ನನ್ನ ತಂಗಿ ತೊಳದಾಳ. ಏನರ ಕೇಳೂದಿದ್ರ ನಮ್ಮನ್ನ ಕೇಳ್ರಿ.’

ಆ ವಾರವೇ ಲಾರಿಗಳು ಹೊರಗಿನ ದಾರಿ ಹಿಡಿದವು.

ತಿಂಗಳು ಬಿಟ್ಟು ತಟ್ಟೆಗಳನ್ನು ತರಲು ಹೋದೆ. ಎಲ್ಲರೂ ತೊಳೆದು, ಖಾಲಿ ಕೊಡಬಾರದೆಂದು ಒಂದೊಂದು ಅಚ್ಚು ಬೆಲ್ಲ ಇಟ್ಟು ಕೊಟ್ಟರು. ಏಳನೇ ಮನೆಯ ಅಜ್ಜಿ ಮಾತ್ರ ಏಣಿ ತೋರಿಸಿದರು.

‘ಹತ್ತಿ ನೀನ ನೋಡು ತಮ್ಮಾ. ಮೂರು ದಿನ ಆತು, ತೊಳದಿಲ್ಲ.’

ಮಂದಿಯ ತಟ್ಟೆ ತೊಳೆಯದೆ ಇರಲಾರದ ಅಜ್ಜಿ ಮೂರು ದಿನ ಹೇಗೆ ತಡೆದುಕೊಂಡಿದ್ದರೋ! ಹತ್ತಿ ನೋಡಿದೆ. ತೆಳ್ಳಗೆ ಧೂಳಿತ್ತು. ಅದರಡಿಯಲ್ಲಿ ನಾನು ಬರೆದ ಏಳು ನಿಚ್ಚಳವಾಗಿ ಕಾಣುತ್ತಿತ್ತು.

‘ಕಾಣ್ತೈತೇನು?’ ಕೆಳಗಿನಿಂದ ಅಜ್ಜಿ ಕೇಳಿದರು.

‘ಕಾಣ್ತೈತಿ ಅಜ್ಜೀ’ ಎಂದು, ಅವತ್ತು ಕೂಗಾಡಿದಂತೆಯೇ, ಓಣಿಗೆಲ್ಲ ಕೇಳುವಂತೆ ಕೂಗಿ ಹೇಳಿದೆ.